ಪದವಿನ ಪಳ್ಳ ಮತ್ತು ಆಕಾಶದಿಂದ ಬಿದ್ದ ಕಲ್ಲು

ಪ್ರಶ್ನೆ: ನಮ್ಮ ಮನೆಯ ಹಿಂದಿನ ಪದವಿನಲ್ಲಿ (ಮುರಕಲ್ಲಿನ ಎತ್ತರದ ಬಯಲಿನಲ್ಲಿ) ನೀರು ನಿಲ್ಲುವ ದುಂಡನೆಯ ಪಳ್ಳವೊಂದಿದೆ. ಅದು ಆಕಾಶದಿಂದ ಕಲ್ಲು ಬಿದ್ದು ಆದ ಹೊಂಡ ಎಂದು ಅಜ್ಜಿ ಹೇಳುತ್ತಿದ್ದರು. ಪಿಲಿಕುಳದ ತಾರಾಲಯಕ್ಕೆ ಹೋಗಿ ಬಂದ ಮೇಲೆ ಮಗಳೂ ಅದನ್ನೇ ಕೇಳುತ್ತಿದ್ದಾಳೆ. ನಿಜವಿರಬಹುದೇ? ಚಂದ್ರನ ಮೇಲೆ ಅಷ್ಟೊಂದು ಕುಳಿಗಳಿರುವಾಗ ಭೂಮಿಯಲ್ಲಿ ಏಕೆ ಕಾಣುವುದಿಲ್ಲ?
– ಓದುಗರು, ಮೂಡುಬಿದಿರೆ

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಭೂಮಿಗೆ ಬಿದ್ದ ಪೆಟ್ಟುಗಳು ಚಂದ್ರನಿಗೆ ಬಿದ್ದವುಗಳಿಗಿಂತ ಕಡಿಮೆಯಲ್ಲ. ಆದರೆ ಚಂದ್ರನಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆದ್ದರಿಂದ ಕುಳಿಗಳು ಕೋಟ್ಯಂತರ ವರ್ಷ ಹಾಗೆಯೇ ಉಳಿಯುತ್ತವೆ. ಇಲ್ಲಿ ಮಳೆ ಸವೆಸುತ್ತದೆ, ಹೂಳು ಮುಚ್ಚುತ್ತದೆ, ಭೂಫಲಕಗಳ ಚಲನೆ ಹಳೆಯ ನೆಲವನ್ನೇ ನುಂಗುತ್ತದೆ. ಮಳೆಯ ಬಲ ಎಷ್ಟೆಂಬುದಕ್ಕೆ ನಿಮ್ಮ ಪದವಿನ ಮುರಕಲ್ಲೇ ಸಾಕ್ಷಿ: ಗಟ್ಟಿ ಶಿಲೆ ಲಕ್ಷಾಂತರ ಮಳೆಗಾಲಗಳಲ್ಲಿ ಕರಗಿ, ಕಬ್ಬಿಣದ ಅಂಶ ಉಳಿದು, ಕೆಂಪಾಗಿ ತೂತುಬಿದ್ದ ಕಲ್ಲಾಗಿದೆ. ಇಡೀ ಭೂಮಿಯಲ್ಲಿ ಇದುವರೆಗೆ ದೃಢಪಟ್ಟಿರುವ ಅಪ್ಪಳಿಕೆಯ ಕುಳಿಗಳು ಸುಮಾರು 200 ಮಾತ್ರ. ಭಾರತದಲ್ಲಿ ಮಹಾರಾಷ್ಟ್ರದ ಲೋನಾರ್, ಮಧ್ಯಪ್ರದೇಶದ ಢಾಲಾ, ರಾಜಸ್ಥಾನದ ರಾಮಗಢ ಇವೆ. ಕರ್ನಾಟಕದಲ್ಲಿ ಒಂದೂ ದೃಢಪಟ್ಟಿಲ್ಲ.

ಭೂಮಿಯ ಮೇಲಿನ ಜೀವಿಗಳ ಗತಿಯನ್ನೇ ಬದಲಿಸಿದ ಕುಳಿ ಕೂಡ ನೆಲದ ಮೇಲಿನಿಂದ ಸುಲಭವಾಗಿ ಕಾಣುವುದಿಲ್ಲ. 6.6 ಕೋಟಿ ವರ್ಷಗಳ ಹಿಂದೆ ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹವೊಂದು ಮೆಕ್ಸಿಕೋದ ಯುಕಟಾನ್ ಪ್ರದೇಶಕ್ಕೆ ಅಪ್ಪಳಿಸಿ, ಹೆಚ್ಚುಕಡಿಮೆ 180 ಕಿ.ಮೀ. ವ್ಯಾಸದ ಕುಳಿಯನ್ನು ತೋಡಿತು. ಉಡುಪಿಯಿಂದ ಕಾರವಾರಕ್ಕೆ ನೇರವಾಗಿ ಅಳೆದರೆ ಇರುವಷ್ಟು ದೂರವದು. (ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೆ ಆಗಲೇ ಎರಡು ಕೋಟಿ ವರ್ಷ ವಯಸ್ಸಾಗಿತ್ತು ಎಂಬುದನ್ನು ಮಗಳಿಗೆ ಹೇಳಿ.) ಕಲ್ಲು ಬಿದ್ದ ಜಾಗದ ನಾಶಕ್ಕಿಂತಲೂ ಘೋರವಾದದ್ದು ಆಮೇಲಿನ ಕತ್ತಲು. ಅಲ್ಲಿನ ನೆಲದಲ್ಲಿ ಜಿಪ್ಸಂನಂತಹ ಗಂಧಕಯುಕ್ತ ಶಿಲೆಗಳಿದ್ದವು. ಅವು ಆವಿಯಾಗಿ, ಧೂಳು ಮತ್ತು ಮಸಿಯೊಡನೆ ವಾತಾವರಣವನ್ನು ತುಂಬಿ ಬಿಸಿಲನ್ನು ತಡೆದುದರಿಂದ ಭೂಮಿ ತಣ್ಣಗಾಯಿತು, ಸಸ್ಯಗಳು ಸೊರಗಿದವು, ಅವುಗಳನ್ನು ನಂಬಿದ ಪ್ರಾಣಿಗಳು ಹಸಿದು ಸತ್ತವು. ಜೀವಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಳಿದವು. ಡೈನೋಸಾರ್‌ಗಳ ಪೈಕಿ ಹಕ್ಕಿಗಳ ಕವಲು ಮಾತ್ರ ಉಳಿಯಿತು. ಇದರ ಸುಳಿವು ಮೊದಲು ಸಿಕ್ಕಿದ್ದು ಕುಳಿಯಿಂದಲ್ಲ, ಇಟಲಿಯ ಗುಬ್ಬಿಯೋದ ತೆಳ್ಳನೆಯ ಮಣ್ಣಿನ ಪದರದಿಂದ. ನೆಲದಲ್ಲಿ ಅಪರೂಪವಾದ, ಆದರೆ ಕ್ಷುದ್ರಗ್ರಹಗಳಲ್ಲಿ ಹೆಚ್ಚಾಗಿರುವ ಇರಿಡಿಯಂ ಎಂಬ ಲೋಹ ಅಲ್ಲಿ ವಿಪರೀತವಾಗಿರುವುದನ್ನು ಲೂಯಿಸ್ ಮತ್ತು ವಾಲ್ಟರ್ ಅಲ್ವರೆಜ್ ಎಂಬ ತಂದೆ-ಮಗ ಸಂಗಡಿಗರೊಂದಿಗೆ ಕಂಡು, 1980ರಲ್ಲಿ ಈ ವಾದವನ್ನು ಮುಂದಿಟ್ಟರು. ವಿಜ್ಞಾನದ ಇತಿಹಾಸದಲ್ಲಿ ನನಗೆ ಇದಕ್ಕಿಂತ ಸೊಗಸಾದ ಪತ್ತೇದಾರಿಕೆ ಬೇರೆ ಗೊತ್ತಿಲ್ಲ.

ಇಂತಹ ಘಟನೆ ಬಲು ಅಪರೂಪ. ಸಣ್ಣವು ಹಾಗಲ್ಲ. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾದಲ್ಲಿ ಗಾಳಿಯಲ್ಲೇ ಸ್ಫೋಟಿಸಿದ ಕಾಯವು 2,000 ಚದರ ಕಿ.ಮೀ.ಗೂ ಹೆಚ್ಚು ಕಾಡನ್ನು ನೆಲಕ್ಕೆ ಮಲಗಿಸಿತು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸಿಡಿದದ್ದು ಸುಮಾರು 20 ಮೀಟರಿನದು. ಗಾಯಗೊಂಡ ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿಗೆ ತಾಗಿದ್ದು ಒಡೆದ ಕಿಟಕಿಯ ಗಾಜು. ಬೆಳಕು ಕಂಡು ಕಿಟಕಿಗೆ ಓಡಿದವರನ್ನು ಸ್ವಲ್ಪ ಹೊತ್ತಿನ ಬಳಿಕ ಆಘಾತದ ಅಲೆ ಬಂದು ಮುಟ್ಟಿತು. ಆಕಾಶದಲ್ಲಿ ಅಂತಹ ಬೆಳಕು ಕಂಡರೆ ಗಾಜಿನಿಂದ ದೂರ ಸರಿಯಬೇಕೆಂದು ಮಕ್ಕಳಿಗೆ ಕಲಿಸಿರಿ.

ಇನ್ನು ನಿಮ್ಮ ಪಳ್ಳ. ದುಂಡಗಿದೆ ಎಂಬುದೊಂದೇ ಪುರಾವೆಯಾಗದು. ಮುರಕಲ್ಲಿನ ಅಡಿಯ ಮೆದು ಮಣ್ಣು ನೀರಿನೊಂದಿಗೆ ಕೊಚ್ಚಿಹೋಗಿ ಮೇಲಿನ ಪದರ ಕುಸಿದರೂ, ಹಿಂದೆಂದೋ ಕಲ್ಲು ಕಡಿದಿದ್ದರೂ ಇಂತಹ ಹೊಂಡವಾಗುತ್ತದೆ. ನಿಮ್ಮದು ಇವೆರಡರಲ್ಲಿ ಒಂದಾಗಿರುವ ಸಂಭವವೇ ಹೆಚ್ಚು. ಲೋನಾರ್ ಕೂಡ ಜ್ವಾಲಾಮುಖಿಯ ಬಾಯಿ ಎಂದು ಬಹುಕಾಲ ಭಾವಿಸಲಾಗಿತ್ತು. ಅಪ್ಪಳಿಕೆಯ ಒತ್ತಡದಿಂದಷ್ಟೇ ಉಂಟಾಗುವ ಗಾಜಿನಂತಹ ಖನಿಜ ಅಲ್ಲಿ ಸಿಕ್ಕ ಮೇಲೆ ಸಂಶಯ ಹೋಯಿತು. ಬೇಸಿಗೆಯಲ್ಲಿ ನೀರು ಬತ್ತಿದಾಗ ಮಗಳೊಂದಿಗೆ ಹೋಗಿ ಅಂಚಿನ ಕಲ್ಲನ್ನು ಗಮನಿಸಿ. ಲೋನಾರಿನ ಅಂಚಿನಲ್ಲಿ ಶಿಲೆಯ ಪದರಗಳು ಹೊರಕ್ಕೆ ಮಗುಚಿಕೊಂಡಿವೆ. ನಿಮ್ಮ ಪಳ್ಳದ ಅಂಚಿನಲ್ಲಿ ಮುರಕಲ್ಲು ಪದವಿನ ಉಳಿದ ಭಾಗದಂತೆಯೇ ಮಟ್ಟಸವಾಗಿ ಹಾಸಿಕೊಂಡಿದ್ದರೆ, ಅಲ್ಲಿ ಯಾವ ಕಲ್ಲೂ ಬಿದ್ದಿಲ್ಲ.