ಸತ್ಸುಕಿಗೆ ಕತ್ತರಿ ಹಾಕೋದು ಯಾವಾಗ?

ಪ್ರಶ್ನೆ: ನಮಸ್ಕಾರ ಮೇಡಂ, ನಾವಿರೋದು ಜಪಾನಿನ ಯೊಕೊಹಾಮಾದಲ್ಲಿ, ಮನೆ ಮುಂದೆ ಒಂದು ಚಾಪೆ ಹಾಸೋವಷ್ಟು ಜಾಗ ಅಷ್ಟೇ. ಹೋದ ವರ್ಷ ಸತ್ಸುಕಿ ಅನ್ನೋ ಅಜೇಲಿಯಾ ಹೂಗಿಡ ತಂದು ನೆಟ್ಟೆ, ಮೊಣಕಾಲೆತ್ತರನೂ ಇಲ್ಲ, ಆದ್ರೂ ಮೈತುಂಬ ಹೂವಿತ್ತು. ನವೆಂಬರಲ್ಲಿ ಉಂಡೆ ಥರ ನೀಟಾಗಿ ಟ್ರಿಮ್ ಮಾಡ್ದೆ, ಊರಲ್ಲಿ ಅಮ್ಮ ಗುಲಾಬಿಗೆ ಹಾಕ್ತಿದ್ದ ಹಾಗೆ ಮೊಟ್ಟೆ ಸಿಪ್ಪೆ ಪುಡಿನೂ ಹಾಕ್ತಾ ಬಂದೆ. ಈ ಸಲ ನಾಲ್ಕೇ ಹೂವು, ಎಲೆ ಬೇರೆ ಹಳದಿ. ವೈಜ್ಞಾನಿಕ ಹೆಸರಲ್ಲಿ ಇಂಡಿಕಮ್ ಅಂತಿದೆ, ಇದು ನಮ್ಮ ದೇಶದ ಗಿಡನಾ?

ಉತ್ತರ: ಹೂವು ಕಮ್ಮಿ ಆಗಿದ್ದು ರೋಗದಿಂದಲ್ಲ, ಗಾಬರಿ ಬೇಡ. ನವೆಂಬರಲ್ಲಿ ನೀವು ಕತ್ತರಿಸಿ ಬಿಸಾಕಿದ್ದು ಈ ವರ್ಷದ ಹೂವನ್ನೇ. ಸತ್ಸುಕಿ ಮೇ-ಜೂನಲ್ಲಿ ಅರಳುತ್ತೆ, ಹೂವು ಮುಗಿದು ಜಪಾನಿನ ಬೇಸಿಗೆ ಕಳೆಯೋದ್ರೊಳಗೆ ಮುಂದಿನ ವರ್ಷದ ಮೊಗ್ಗು ಕಟ್ಟಿ ಆಗಿರುತ್ತೆ. ನವೆಂಬರಲ್ಲಿ ಒಂದು ರೆಂಬೆ ಹಿಡಿದು ನೋಡಿ, ತುದಿಯಲ್ಲಿ ಎಲೆಗಳ ಮಧ್ಯೆ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪಗೆ ಒಂದು ಮೊಗ್ಗು ಕೂತಿರುತ್ತೆ, ಅದೇ ಹೂವು. ಅದಕ್ಕೇ ಏನೇ ಕಟ್ ಮಾಡೋದಿದ್ರೂ ಹೂವು ಬಾಡಿದ ತಕ್ಷಣ, ಜೂನ್ ಒಳಗೇ ಮುಗಿಸಿಬಿಡಿ, ಆಮೇಲೆ ಮಳೆ ಸಿಕ್ಕಿ ಚೆನ್ನಾಗಿ ಚಿಗುರುತ್ತೆ.

ಮೊಟ್ಟೆ ಸಿಪ್ಪೆ ಮಾತ್ರ ಇವತ್ತೇ ನಿಲ್ಲಿಸಿ. ಅದು ಸುಣ್ಣ, ಅಜೇಲಿಯಾಗೆ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 5.5. ಸುಣ್ಣ ಜಾಸ್ತಿಯಾದ್ರೆ ಬೇರಿಗೆ ಕಬ್ಬಿಣದ ಅಂಶ ಸಿಗಲ್ಲ, ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತೆ, ನಿಮ್ಮದೂ ಹಂಗೇ ಇದ್ರೆ ಕಾರಣ ಇದೇ. ಸಿಮೆಂಟ್ ಗೋಡೆ ಪಕ್ಕದಲ್ಲಿದ್ರೂ ಇದೇ ತೊಂದರೆ. ಈಗ್ಲೇ ಗಿಡ ಎಬ್ಬಿಸಿ ಕುಂಡಕ್ಕೆ ಹಾಕಿ, ಬೇರು ಆಳಕ್ಕೆ ಹೋಗಿರಲ್ಲ, ತೆಂಗಿನ ನಾರಿನ ಹಾಗೆ ಮೇಲೇ ಹೆಣೆದುಕೊಂಡಿರುತ್ತೆ, ಸಲೀಸಾಗಿ ಬರುತ್ತೆ. ಮಣ್ಣಿಗೆ ಅಲ್ಲೇ ಸಿಗೋ ಕಾನುಮಾ ತಗೊಳ್ಳಿ, ತೊಚಿಗಿ ಪ್ರಾಂತ್ಯದ ಕಾನುಮಾ ಕಡೆಯ ಜ್ವಾಲಾಮುಖಿ ಕಲ್ಲಿನ ಹರಳು ಅದು, ಒಣಗಿದ್ರೆ ಬಿಳಿಚಿಕೊಳ್ಳುತ್ತೆ, ನೆಂದ್ರೆ ಗಾಢ ಹಳದಿ, ಹಾಗಾಗಿ ಯಾವಾಗ ನೀರು ಹಾಕ್ಬೇಕು ಅಂತ ಮಣ್ಣೇ ತೋರಿಸುತ್ತೆ. ಬುಡ ಮಾತ್ರ ಆಳಕ್ಕೆ ಹೂಳ್ಬೇಡಿ. ಮಕ್ಕಳಿದ್ರೆ ಎಲೆ, ಹೂವು ಬಾಯಿಗೆ ಹಾಕದ ಹಾಗೆ ನೋಡ್ಕೊಳ್ಳಿ, ಎರಡೂ ವಿಷ.

ಇನ್ನು ಹೆಸರು. ಇದು ಅಪ್ಪಟ ಜಪಾನಿನ ಗಿಡ, ನದಿ ದಡದ ಬಂಡೆ ಸಂದಿಯಲ್ಲಿ ಪ್ರವಾಹಕ್ಕೆ ಮೈಯೊಡ್ಡಿ ಬೆಳೆಯೋದು, ಅದಕ್ಕೇ ಅಷ್ಟು ಕುಳ್ಳು, ಎಲೆನೂ ಸಣ್ಣ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಅಜೇಲಿಯಾ ಇಂಡಿಕಾ ಅಂತ ಹೆಸರಿಟ್ಟ, ಅದೇ ಈಗ ರೋಡೊಡೆಂಡ್ರಾನ್ ಇಂಡಿಕಮ್, ಆಗ ಯುರೋಪಿನವರು ಪೂರ್ವದ ದೂರದ ನಾಡುಗಳನ್ನೆಲ್ಲ ಇಂಡಿಯಾ ಅಂತಲೇ ಬರೀತಿದ್ರು. ನಮ್ಮ ಕಡೆಯ ನಂಟು ನೋಡ್ಬೇಕು ಅಂದ್ರೆ ಊರಿಗೆ ಬಂದಾಗ ನೀಲಗಿರಿಗೆ ಹೋಗಿ, ಅಲ್ಲಿ ಶೋಲಾ ಕಾಡಿನ ಅಂಚಲ್ಲಿ ಇದೇ ಕುಲದ ರೋಡೊಡೆಂಡ್ರಾನ್ ಮರಗಳಿವೆ, ಸೊಟ್ಟ ಕಾಂಡ, ರಕ್ತಗೆಂಪು ಹೂಗೊಂಚಲು.