ಬೆಂಗಳೂರಿನಲ್ಲಿ ದಿನವೂ ಸೈಕಲ್ಲಿನಲ್ಲಿ ಕಚೇರಿಗೆ ಹೋಗಿಬರಲು ಸಾಧ್ಯವೇ?

ವಿಜಯನಗರದ ಮನೆಯಿಂದ ರಿಚ್ಮಂಡ್ ವೃತ್ತದ ಹತ್ತಿರದ ಕಚೇರಿಗೆ ದಿನವೂ ಸೈಕಲ್ಲಿನಲ್ಲಿ ಹೋಗಿಬರುವ ಆಸೆಯಿದೆ, ಆದರೆ ಈ ಊರಿನ ವಾಹನಗಳ ನಡುವೆ ಅದು ಸಾಧ್ಯವೇ, ಅಷ್ಟು ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಕೇ, ಹೋಗುವುದಾದರೆ ಎಂಥ ಸೈಕಲ್ ಕೊಳ್ಳಬೇಕು ಎಂದು ನೀವು ಕೇಳಿದ್ದೀರಿ. ನಾನು ಒಂಬತ್ತು ವರ್ಷಗಳಿಂದ ತ್ಯಾಗರಾಜನಗರದ ಮನೆಯಿಂದ ದೊಮ್ಮಲೂರಿನ ಕಚೇರಿಗೆ, ಒಂದು ದಿಕ್ಕಿಗೆ ಸುಮಾರು 11 ಕಿ.ಮೀ., ವಾರದಲ್ಲಿ ನಾಲ್ಕು ದಿನವಾದರೂ ಸೈಕಲ್ ತುಳಿಯುತ್ತಿದ್ದೇನೆ. ಸಾಧ್ಯವಿದೆ. ಆದರೆ ಅದು ನಿಮ್ಮ ಧೈರ್ಯ, ಕಾಲಿನ ಕಸುವು, ಸೈಕಲ್ಲಿನ ಬೆಲೆ ಇವೆಲ್ಲಕ್ಕಿಂತ ಹೆಚ್ಚಾಗಿ ನೀವು ಆಯ್ದುಕೊಳ್ಳುವ ದಾರಿಯನ್ನು ನೆಚ್ಚಿಕೊಂಡಿದೆ. ಆ ದಾರಿಯನ್ನು ಮೊಬೈಲಿನ ನಕ್ಷೆ ತೋರಿಸಿಕೊಡುವುದಿಲ್ಲ, ನೀವೇ ತುಳಿದು ಹುಡುಕಿಕೊಳ್ಳಬೇಕು.

ಇದನ್ನು ನಾನು ತಡವಾಗಿ ಕಲಿತೆ. ಮೊದಲ ಮೂರು ವಾರ, ಸ್ಕೂಟರಿನಲ್ಲಿ ಹೋಗುತ್ತಿದ್ದ ದಾರಿಯಲ್ಲೇ ಸೈಕಲ್ಲನ್ನೂ ಓಡಿಸಿದೆ: ಜಯನಗರ, ಡೈರಿ ವೃತ್ತ, ಆಡುಗೋಡಿ, ಕೋರಮಂಗಲದ ನೂರಡಿ ರಸ್ತೆ, ಅಲ್ಲಿಂದ ಒಳ ವರ್ತುಲ ರಸ್ತೆ. ಪ್ರತಿ ಸಿಗ್ನಲಿನಲ್ಲೂ ಬಸ್ಸಿನ ಹೊಗೆ ನೇರವಾಗಿ ಮುಖಕ್ಕೆ ಬರುತ್ತಿತ್ತು, ಕಚೇರಿ ಮುಟ್ಟುವಷ್ಟರಲ್ಲಿ ಗಂಟಲು ಉರಿಯುತ್ತಿತ್ತು, ಹಿಂದಿನಿಂದ ಬರುವ ಪ್ರತಿಯೊಂದು ಹಾರನ್ನೂ ನನ್ನನ್ನೇ ಕುರಿತು ಹೊಡೆದದ್ದು ಎನ್ನಿಸುತ್ತಿತ್ತು. ಇನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದ ಸಮಯದಲ್ಲಿ ಈಜಿಪುರದ ಒಂದು ಚಹಾ ಅಂಗಡಿಯ ಮುಂದೆ ಹಿರಿಯರೊಬ್ಬರು ಸಿಕ್ಕರು. ಅವರು ಬೈರಸಂದ್ರದಿಂದ ದಿನವೂ ಹಳೆಯ ಕಪ್ಪು ಸೈಕಲ್ಲಿನಲ್ಲಿ ಬಂದು ಅಲ್ಲಿನ ವಸತಿ ಸಮುಚ್ಚಯವೊಂದರಲ್ಲಿ ಕಾವಲು ಕೆಲಸ ಮಾಡುತ್ತಿದ್ದರು. ನಾನು ಬರುವ ದಾರಿಯನ್ನು ಕೇಳಿ ಅವರು, 'ಅದು ಗಾಡಿಯವರ ರಸ್ತೆ ಸ್ವಾಮಿ, ನಮ್ಮದಲ್ಲ' ಎಂದರು. ಮರುದಿನ ಬೆಳಿಗ್ಗೆ ಅಶೋಕ ಸ್ತಂಭದ ಬಳಿ ಕಾಯುವಂತೆ ಹೇಳಿ, ತಮ್ಮ ಹಿಂದೆಯೇ ನನ್ನನ್ನು ಕರೆದುಕೊಂಡು ಬಂದರು. ಸಿದ್ದಾಪುರ, ಲಾಲ್‌ಬಾಗಿನ ಪೂರ್ವದ ಗೋಡೆ, ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಗಳು, ಶಾಂತಿನಗರ, ಜಾನ್ಸನ್ ಮಾರುಕಟ್ಟೆ, ಆಸ್ಟಿನ್ ಟೌನ್, ವಿವೇಕನಗರ, ಈಜಿಪುರ. ನನ್ನ ಹಳೆಯ ದಾರಿಗಿಂತ ಒಂದೂವರೆ ಕಿ.ಮೀ. ಸುತ್ತು, ಆದರೂ ಹತ್ತು ನಿಮಿಷ ಮೊದಲೇ ತಲುಪಿದೆವು, ದೊಡ್ಡ ರಸ್ತೆಗಳನ್ನು ದಾಟಿದೆವೇ ಹೊರತು ಅವುಗಳ ಉದ್ದಕ್ಕೂ ಹೋಗಲಿಲ್ಲ. ಸೈಕಲ್ ತುಳಿಯುವವರೆಂದರೆ ಹೆಲ್ಮೆಟ್ ಹಾಕಿಕೊಂಡು ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರು ಎಂದೇ ನಾನು ತಿಳಿದಿದ್ದೆ. ಪತ್ರಿಕೆ ಹಾಕುವವರು, ಸೊಪ್ಪು ಮಾರುವವರು, ಗಾರೆ ಕೆಲಸದವರು, ಕಾವಲುಗಾರರು ಈ ಊರಿನಲ್ಲಿ ಸೈಕಲ್ಲಿಗೆ ತಕ್ಕ ದಾರಿಗಳನ್ನು ಯಾವತ್ತೋ ಕಂಡುಕೊಂಡಿದ್ದಾರೆ. ನಿಮ್ಮ ಬಡಾವಣೆಯಲ್ಲೂ ಅಂಥವರು ಇರುತ್ತಾರೆ. ಮೊದಲು ಅವರನ್ನು ಕೇಳಿ.

ದಾರಿ ಹುಡುಕುವಾಗ ನೆಲದ ಏರಿಳಿತವನ್ನೂ ಗಮನಿಸಬೇಕು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ಸಮತಟ್ಟಾದ ಊರೆಂದು ಮೋಟಾರು ವಾಹನದಲ್ಲಿ ಓಡಾಡುವವರಿಗೆ ಅನ್ನಿಸಬಹುದು, ಕಾಲುಗಳು ಮಾತ್ರ ಅದನ್ನು ಒಪ್ಪುವುದಿಲ್ಲ. ಊರು ನಿಂತಿರುವುದು ಒಂದು ದಿಣ್ಣೆಯ ಬೆನ್ನಿನ ಮೇಲೆ ಮತ್ತು ಅದರ ಎರಡೂ ಮಗ್ಗುಲಿನ ಕಣಿವೆಗಳಲ್ಲಿ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುತ್ತದೆನ್ನುವ ವೃಷಭಾವತಿ ಪಶ್ಚಿಮಕ್ಕೆ ಹರಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಲಾಲ್‌ಬಾಗಿನ ಕಡೆ ಬಿದ್ದ ಮಳೆನೀರು ಪೂರ್ವಕ್ಕೆ ಇಳಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಅಂದರೆ ನಾನು ಬೆಳಿಗ್ಗೆ ಹೋಗುವುದು ನೀರು ಹರಿಯುವ ದಿಕ್ಕಿನಲ್ಲಿ, ಸಂಜೆ ಬರುವುದು ಅದಕ್ಕೆ ಎದುರಾಗಿ. ಈ ಒಂದು ಸಂಗತಿ ತಿಳಿದ ಮೇಲೆ, ಬೆಳಿಗ್ಗೆ ಬೆವರದೆ ತಲುಪುವ ನಾನು ಸಂಜೆ ಅದೇ ದಾರಿಯಲ್ಲಿ ಏದುಸಿರು ಬಿಡುವುದೇಕೆ ಎಂಬುದು ಅರ್ಥವಾಯಿತು. ಶಾಂತಿನಗರದಲ್ಲಿ ದಾಟುವ ರಾಜಕಾಲುವೆ ನನ್ನ ದಾರಿಯ ಒಂದು ತಗ್ಗು. ಅದರ ಎರಡೂ ಕಡೆ ಏರಿದೆ. ಅಂಥ ಏರನ್ನು ನೇರವಾಗಿ ಹತ್ತುವ ಬದಲು ಅಡ್ಡರಸ್ತೆಗಳಲ್ಲಿ ಓರೆಯಾಗಿ ಹತ್ತಿದರೆ ಮೊಣಕಾಲು ಉಳಿಯುತ್ತದೆ.

ಈ ವಿಷಯದಲ್ಲಿ ಹಳೆಯ ಬಡಾವಣೆಗಳವರು ಭಾಗ್ಯವಂತರು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರ, ಆಮೇಲಿನ ಜಯನಗರ, ಇವೆಲ್ಲ ಮುಖ್ಯರಸ್ತೆಗೆ ಸಮಾನಾಂತರವಾಗಿ ಒಳರಸ್ತೆಗಳಿರುವ, ಅಡ್ಡರಸ್ತೆಗಳಿಂದ ಹೆಣೆದ ಬಡಾವಣೆಗಳು. ಒಂದು ರಸ್ತೆಯಲ್ಲಿ ಪೈಪಿಗೆಂದು ನೆಲ ಅಗೆದಿದ್ದರೆ ಪಕ್ಕದ ರಸ್ತೆ ಇದ್ದೇ ಇರುತ್ತದೆ. ಸರ್ಜಾಪುರ ರಸ್ತೆ, ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯ ಸ್ಥಿತಿ ಹಾಗಿಲ್ಲ. ಅಲ್ಲಿ ಪ್ರತಿಯೊಂದು ಬಡಾವಣೆಗೂ ಗೇಟು, ಒಳರಸ್ತೆಗಳೆಲ್ಲ ಗೋಡೆಯಲ್ಲಿ ಕೊನೆಯಾಗುತ್ತವೆ, ಎಲ್ಲರೂ ಒಂದೇ ದೊಡ್ಡ ರಸ್ತೆಗೆ ಬಂದು ಬೀಳಬೇಕು. ಸೈಕಲ್ಲಿಗೆ ಪ್ರತ್ಯೇಕ ಪಥ ನಿಜವಾಗಿ ಬೇಕಾಗಿರುವುದು ಅಂಥ ಕಡೆ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಚಿಕ್ಕ ಕಂಬಗಳನ್ನು ನೆಟ್ಟು ಅಂಥದೊಂದು ಪಥವನ್ನು ಮಾಡಿದ್ದರು. ಒಂದೆರಡು ಬಾರಿ ಅದರಲ್ಲಿ ಹೋದಾಗ, ಹಿಂದೆ ತಿರುಗಿ ನೋಡದೆ ಸೈಕಲ್ ತುಳಿಯುವುದೆಂದರೆ ಎಂಥ ಸುಖ ಎಂಬುದು ನನಗೆ ತಿಳಿಯಿತು. ಆಮೇಲೆ ಮೆಟ್ರೊ ಕಾಮಗಾರಿ ಬಂತು, ಕಂಬಗಳು ಹೋದವು. ಜಯನಗರದಲ್ಲಿ ಅದಕ್ಕೂ ಮೊದಲೇ ಬಿಡಿಸಿದ್ದ ಸೈಕಲ್ ಪಥ ಕಾರು ನಿಲ್ಲಿಸುವ ಜಾಗವಾಗಿಹೋಯಿತು. ಪಥವನ್ನು ಬಣ್ಣದಿಂದ ಬರೆದರೆ ಸಾಲದು, ಕಾರು ಹತ್ತಲಾಗದಂತೆ ಕಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಅಪಾಯದ ಮಾತು. ಅಪಾಯ ಇದೆ, ಅದನ್ನು ಮುಚ್ಚಿಡುವುದು ತಪ್ಪು. ಆದರೆ ಹೊಸಬರು ಹೆದರುವುದು ಹಿಂದಿನಿಂದ ಬರುವ ಲಾರಿಗೆ. ನನ್ನ ಅನುಭವದಲ್ಲಿ ಪೆಟ್ಟು ಬರುವುದು ಹೆಚ್ಚಾಗಿ ಎಡಗಡೆಯಿಂದ ಮತ್ತು ಮುಂದಿನಿಂದ. ಎರಡನೆಯ ವರ್ಷದಲ್ಲಿ, ರಸ್ತೆಯ ಅಂಚಿಗೆ ಸರಿದು ಹೋಗುವುದೇ ಸುರಕ್ಷಿತವೆಂದು ನಂಬಿದ್ದ ನಾನು, ನಿಂತಿದ್ದ ಕಾರುಗಳ ಸಾಲಿಗೆ ಅಂಟಿಕೊಂಡೇ ಹೋಗುತ್ತಿದ್ದಾಗ ಒಂದು ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡಿತು. ಹ್ಯಾಂಡಲ್ ಬಾಗಿಲಿಗೆ ಸಿಕ್ಕಿ ರಸ್ತೆಯ ನಡುವಿಗೆ ಬಿದ್ದೆ. ಹಿಂದೆ ಬರುತ್ತಿದ್ದ ಆಟೊದವರು ಬ್ರೇಕ್ ಹಾಕಿದ್ದರಿಂದ ಬಲಗೈ ಮಣಿಕಟ್ಟು ಉಳುಕಿದ್ದರಲ್ಲೇ ಮುಗಿಯಿತು. ಅವರು ತಮ್ಮ ಆಟೊವನ್ನು ಅಡ್ಡ ನಿಲ್ಲಿಸಿ, ಸೈಕಲ್ಲನ್ನು ಎತ್ತಿಕೊಟ್ಟು, ನೀರು ಕೊಟ್ಟು ಹೋದರು. ಅಂದಿನಿಂದ ನಿಂತ ವಾಹನಗಳಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟೇ ಹೋಗುತ್ತೇನೆ, ಹಿಂದಿನವರು ಹಾರನ್ ಹೊಡೆದರೂ ಅಂಚಿಗೆ ಸರಿಯುವುದಿಲ್ಲ. ಬಸ್ಸಿನ ಎಡಗಡೆ ಎಂದಿಗೂ ನುಗ್ಗಬೇಡಿ, ಏಕೆಂದರೆ ನಿಲ್ದಾಣ ಬಂದಾಗ ಅದು ಎಡಕ್ಕೇ ಬರುತ್ತದೆ ಮತ್ತು ಆ ಕಿರಿದಾದ ಜಾಗದಲ್ಲಿರುವ ಸೈಕಲ್ಲು ಬಸ್ಸಿನ ಚಾಲಕರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ವೃತ್ತಗಳಲ್ಲಿ ಬಲಕ್ಕೆ ತಿರುಗಬೇಕಾದಾಗ ವಾಹನಗಳ ನಡುವೆ ಸಾಲು ಬದಲಿಸುತ್ತಾ ಬಲಕ್ಕೆ ಸರಿಯಬೇಡಿ. ಹಸಿರು ದೀಪಕ್ಕೆ ನೇರವಾಗಿ ಆಚೆ ದಾಟಿ, ಅಲ್ಲಿ ಎಡ ಅಂಚಿನಲ್ಲಿ ನಿಂತು, ಸೈಕಲ್ಲನ್ನು ಬಲಕ್ಕೆ ತಿರುಗಿಸಿಕೊಂಡು ಮುಂದಿನ ಹಸಿರಿಗೆ ಹೋಗಿ. ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಮಳೆಗಾಲದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಬೆಂಗಳೂರಿನ ಮಳೆ ಹೆಚ್ಚಾಗಿ ಸಂಜೆಯದು, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ ಜೋರು. ನೆನೆಯುವುದರಿಂದ ತೊಂದರೆಯಿಲ್ಲ, ಮನೆಗೆ ಹೋಗಿ ಒಣ ಬಟ್ಟೆ ತೊಟ್ಟರಾಯಿತು. ತೊಂದರೆ ಇರುವುದು ನಿಂತ ನೀರಿನಲ್ಲಿ. ತಳ ಕಾಣದ ನೀರಿಗೆ ಸೈಕಲ್ ಇಳಿಸಬೇಡಿ. ಅದರ ಕೆಳಗೆ ಗುಂಡಿ ಇರಬಹುದು, ಮುಚ್ಚಳವಿಲ್ಲದ ಚರಂಡಿಯೂ ಇರಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಜನರು ಟ್ರ್ಯಾಕ್ಟರುಗಳಲ್ಲಿ ಓಡಾಡಬೇಕಾಗಿ ಬಂದಾಗ, ಆ ನೀರು ಎಲ್ಲಿಂದ ಇಳಿದು ಬಂದಿತೆಂಬುದು ನನಗೆ ಬೇರೆಯವರು ಹೇಳುವ ಮೊದಲೇ ಗೊತ್ತಿತ್ತು, ಏಕೆಂದರೆ ಆ ಇಳಿಜಾರುಗಳಲ್ಲಿ ದಿನವೂ ಪೆಡಲ್ ತುಳಿಯದೆ ಜಾರಿಕೊಂಡು ಹೋಗುತ್ತಿದ್ದವನು ನಾನು. ಇನ್ನೊಂದು ಸಣ್ಣ ಮಾತು: ಬೇಸಿಗೆಯ ಆರಂಭದಲ್ಲಿ ಹೊಂಗೆ ಮರಗಳ ಕೆಳಗೆ ಹೂವು ಹಾಸಿಕೊಂಡಿರುತ್ತದೆ. ನೋಡಲು ಬಹಳ ಚಂದ, ಆದರೆ ಮೊದಲ ಮಳೆಹನಿ ಬಿದ್ದಾಗ ಆ ಹಾಸು ಸೋಪಿನಂತೆ ಜಾರುತ್ತದೆ. ಅಲ್ಲಿ ತಿರುವಿನಲ್ಲಿ ಬ್ರೇಕ್ ಹಿಡಿಯಬೇಡಿ.

ಸಮಯದ ಲೆಕ್ಕದಲ್ಲಿ ನಿಮಗೆ ನಷ್ಟವಾಗುವುದಿಲ್ಲ. ಟಾಮ್‌ಟಾಮ್ ಸಂಸ್ಥೆ ಪ್ರತಿವರ್ಷ ಪ್ರಕಟಿಸುವ ಸಂಚಾರ ಸೂಚ್ಯಂಕದ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ ವಾಹನವೊಂದು 10 ಕಿ.ಮೀ. ಸಾಗಲು ಸರಾಸರಿ ಸುಮಾರು 34 ನಿಮಿಷ ಬೇಕಾಗಿತ್ತು. ಕಚೇರಿಯ ಹೊತ್ತಿನಲ್ಲಿ ಇನ್ನೂ ಹೆಚ್ಚು. ಅವಸರವಿಲ್ಲದೆ ಗಂಟೆಗೆ 15 ಕಿ.ಮೀ. ವೇಗದಲ್ಲಿ ತುಳಿಯುವ ಸೈಕಲ್ಲಿಗೆ ಅದೇ ದೂರಕ್ಕೆ 40 ನಿಮಿಷ, ಮತ್ತು ಈ 40 ನಿಮಿಷ ಸೋಮವಾರವೂ ಶುಕ್ರವಾರವೂ ಹೆಚ್ಚುಕಡಿಮೆ ಒಂದೇ. ನನ್ನ ದಾರಿಯಲ್ಲಿ ವ್ಯತ್ಯಾಸವಾಗುವುದು ಗುರುವಾರ ಮಾತ್ರ, ಅಂದು ವಿವೇಕನಗರದ ಬಾಲಯೇಸುವಿನ ಚರ್ಚಿಗೆ ಬರುವ ಜನ ರಸ್ತೆ ತುಂಬಿರುತ್ತಾರೆ. ಆ ದಿನ ಎರಡು ಅಡ್ಡರಸ್ತೆ ಮೊದಲೇ ತಿರುಗಿಕೊಳ್ಳುತ್ತೇನೆ.

ಕಚೇರಿಯಲ್ಲಿ ಸೈಕಲ್ ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ. ನನ್ನ ತಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ತಗಡಿನ ಮಾಡಿನ ಕೆಳಗೆ ಸಾಲುಸಾಲಾಗಿ ನೂರಾರು ಸೈಕಲ್ಲುಗಳು ನಿಲ್ಲುತ್ತಿದ್ದುದನ್ನು ಚಿಕ್ಕವನಾಗಿದ್ದಾಗ ನೋಡಿದ್ದೇನೆ. ಗಾಜಿನ ಗೋಡೆಯ ನನ್ನ ಕಚೇರಿಯ ಕಟ್ಟಡದಲ್ಲಿ ಕಾರಿಗೆ ಮೂರು ಅಂತಸ್ತು ನೆಲಮಾಳಿಗೆ ಇತ್ತು, ಸೈಕಲ್ಲಿಗೆ ಜಾಗವಿಲ್ಲವೆಂದು ಎರಡು ತಿಂಗಳು ಗೇಟಿನಲ್ಲೇ ತಡೆದರು. ಆ ಕಾವಲುಗಾರರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವರಿಗೆ ಬಂದ ಆದೇಶವೇ ಹಾಗಿತ್ತು. ಆದರೆ ಹಾಗೆ ಆದೇಶ ಕೊಟ್ಟವರ ಮೇಲೆ ಇಂದಿಗೂ ಬೇಸರವಿದೆ. ಕೊನೆಗೆ ಕಟ್ಟಡದಲ್ಲಿ ಸೈಕಲ್ ತರುವ ಆರು ಮಂದಿ ಸೇರಿ ಪತ್ರ ಬರೆದ ಮೇಲೆ ಒಂದು ಮೂಲೆಯಲ್ಲಿ ಕಬ್ಬಿಣದ ಕಂಬಿ ಹಾಕಿಸಿಕೊಟ್ಟರು. ಬೆವರಿನ ಚಿಂತೆ ಬೇಡ. ಮುಂಜಾನೆ ಈ ಊರು ತಂಪು. ಏಪ್ರಿಲಿನಲ್ಲೂ ಎಂಟು ಗಂಟೆಯೊಳಗೆ ಹೊರಟರೆ ಒಂದು ಒದ್ದೆ ಬಟ್ಟೆ, ಒಂದು ಮಡಿಸಿದ ಅಂಗಿ ಸಾಕು. ಚೀಲವನ್ನು ಮಾತ್ರ ಬೆನ್ನಿಗೆ ಹಾಕಬೇಡಿ, ಕ್ಯಾರಿಯರಿಗೆ ಕಟ್ಟಿ.

ಸೈಕಲ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಸಪೂರ ಟೈರಿನ ರೇಸಿಂಗ್ ಸೈಕಲ್ ನಮ್ಮ ಗುಂಡಿಗಳಿಗೆ ಆಗದು, ದಪ್ಪ ಟೈರಿನ ಬೆಟ್ಟದ ಸೈಕಲ್ಲಿನ ಭಾರ ವ್ಯರ್ಥ. ಎರಡರ ನಡುವಿನ, 35ರಿಂದ 40 ಮಿ.ಮೀ. ಅಗಲದ ಟೈರಿರುವ, ಏಳೆಂಟು ಗೇರುಗಳ ಹೈಬ್ರಿಡ್ ಸೈಕಲ್ ಸಾಕು. ಅದರ ಜೊತೆಗೆ ಬರದಿದ್ದರೂ ಮಡ್‌ಗಾರ್ಡ್, ಕ್ಯಾರಿಯರ್, ಬೆಲ್ಲು, ಹಿಂದಿನ ಕೆಂಪು ದೀಪ, ಬಲಗಡೆ ಒಂದು ಕನ್ನಡಿ ಹಾಕಿಸಿ, ಹೆಲ್ಮೆಟ್ ಕೊಳ್ಳಿ. ಟ್ಯೂಬಿನ ವಾಲ್ವ್ ಯಾವುದೆಂದು ಅಂಗಡಿಯಲ್ಲೇ ನೋಡಿ. ಸಪೂರವಾದ ಪ್ರೆಸ್ಟಾ ವಾಲ್ವ್ ಇದ್ದರೆ ಬೀದಿಬದಿಯ ಪಂಚರ್ ಅಂಗಡಿಯ ಗಾಳಿಯ ಪೈಪು ಅದಕ್ಕೆ ಕೂಡುವುದಿಲ್ಲ, ಪುಟ್ಟ ಹಿತ್ತಾಳೆಯ ಅಡಾಪ್ಟರೊಂದನ್ನು ಚೀಲದಲ್ಲಿಟ್ಟುಕೊಳ್ಳಬೇಕು. ಬೈಕುಗಳಿಗಿರುವಂಥ ಶ್ರೇಡರ್ ವಾಲ್ವ್ ಇದ್ದರೆ ಎಲ್ಲಿ ಬೇಕಾದರೂ ಗಾಳಿ ಹಾಕಿಸಬಹುದು. ದೂರ ಹೆಚ್ಚಾಯಿತು ಎನ್ನಿಸಿದರೆ ಮಡಚುವ ಸೈಕಲ್ಲೂ ಇದೆ. ತೂಕ ಮತ್ತು ಅಳತೆಯ ಮಿತಿಯೊಳಗಿದ್ದರೆ ನಮ್ಮ ಮೆಟ್ರೊದಲ್ಲಿ ಅದನ್ನು ಒಯ್ಯಲು 2022ರ ಕೊನೆಯಿಂದ ಅವಕಾಶವಿದೆ.

ನಿಮ್ಮ ದಾರಿಗೆ ಬರುತ್ತೇನೆ. ವಿಜಯನಗರದಿಂದ ಮಾಗಡಿ ರಸ್ತೆಗಾಗಲಿ ಮೈಸೂರು ರಸ್ತೆಯ ಉದ್ದಕ್ಕಾಗಲಿ ಹೋಗಬೇಡಿ. ಬಿನ್ನಿಪೇಟೆ, ಜಗಜೀವನರಾಮ ನಗರದ ಒಳಗಿಂದ ಸಿರ್ಸಿ ವೃತ್ತಕ್ಕೆ ಬನ್ನಿ, ಅಲ್ಲಿಂದ ಚಾಮರಾಜಪೇಟೆಯ ಒಳರಸ್ತೆಗಳಲ್ಲಿ ಸಾಗಿ ಮಿನರ್ವ ವೃತ್ತದ ಕಡೆ ಹೊರಬಿದ್ದು, ಲಾಲ್‌ಬಾಗ್ ರಸ್ತೆ ಮತ್ತು ಮಿಷನ್ ರಸ್ತೆಯ ಮೂಲಕ ರಿಚ್ಮಂಡ್ ವೃತ್ತವನ್ನು ಸೇರಬಹುದು. ಚಾಮರಾಜಪೇಟೆಗೆ ಹತ್ತುವ ಏರೊಂದು ಸಿಗುತ್ತದೆ, ಅದಕ್ಕೆ ಗೇರು ಮೊದಲೇ ಇಳಿಸಿಕೊಳ್ಳಿ. ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟು ಈ ದಾರಿಯನ್ನು ನೋಡಿಬನ್ನಿ, ಎಲ್ಲೆಲ್ಲಿ ಉಬ್ಬು, ಎಲ್ಲೆಲ್ಲಿ ಒಮ್ಮುಖ ಸಂಚಾರ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಒಂದು ಶನಿವಾರ ಕಚೇರಿಯ ಹೊತ್ತಿಗೇ ಹೋಗಿ ನೋಡಿ. ಸಿರ್ಸಿ ವೃತ್ತದಲ್ಲಿ ಮೇಲ್ಸೇತುವೆಯ ಕೆಳಗೆ ನಾಲ್ಕೂ ಕಡೆಯಿಂದ ಬಸ್ಸುಗಳು ತಿರುಗುತ್ತವೆ. ಮೊದಲ ಒಂದು ತಿಂಗಳು ಅಲ್ಲಿ ಸೈಕಲ್ಲಿನಿಂದ ಇಳಿದು, ಪಾದಚಾರಿಗಳ ಜೊತೆ ತಳ್ಳಿಕೊಂಡೇ ದಾಟಿ.