ನಲ್ಲಿಯ ಲೆಕ್ಕ ಸಿಕ್ಕಿತು, ನೀರಿನ ಲೆಕ್ಕ?

ಕೊಡಗಿನ ಸೋಮವಾರಪೇಟೆ ಕಡೆಯ ಓದುಗರೊಬ್ಬರ ಕಾಗದ: “ಮನೆ ಮುಂದೆ ಜಲಜೀವನ್ ಯೋಜನೆಯ ನಲ್ಲಿ ಬಂದು ಎರಡು ವರ್ಷ ಆಯ್ತು. ಮಾರ್ಚ್ ಬಂದರೆ ಬರೀ ಗಾಳಿ. ಸರ್ಕಾರದ ಲೆಕ್ಕದಲ್ಲಿ ನಮ್ಮೂರು ಪೂರ್ತಿ ಆಗಿದೆಯಂತೆ. ವಿಧಾನಸಭೆ, ಸಿಎಜಿ, ಸಮಿತಿ ಅಂತ ಇಷ್ಟೆಲ್ಲ ಇದ್ದು ಇವರು ನೋಡೋದಾದರೂ ಏನು ಸರ್?”

ನಿಮ್ಮ ಸಿಟ್ಟು ನ್ಯಾಯವೇ. ಸಿಎಜಿ ಅಂದರೆ ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡುವವರು. ಅವರ ವರದಿ ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತದೆ, ಆಮೇಲೆ ಶಾಸಕರ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ. ಅಲ್ಲಿ ವಿರೋಧ ಪಕ್ಷದವರೇ ಅಧ್ಯಕ್ಷರಾಗುವುದು ರೂಢಿ. ಅಧಿಕಾರಿಗಳನ್ನು ಎದುರಿಗೆ ಕೂರಿಸಿ ಕೇಳಬಹುದು. ಆದರೆ ದುಡ್ಡು ಖರ್ಚಾದ ಮೇಲೆ! ವರದಿಯೂ ಆಯ್ದ ಕೆಲವು ಊರು ನೋಡಿ ಬರೆದದ್ದು. ನಿಮ್ಮ ನಲ್ಲಿ ಅದರಲ್ಲಿ ಬಂದರೆ ಲಾಟರಿ ಹೊಡೆದ ಹಾಗೆ.

ಅಸಲು ವಿಷಯ, ಎಣಿಸಿದ್ದು ಏನನ್ನು ಅನ್ನೋದು. 2019ರ ಜಲಜೀವನ್ ಯೋಜನೆ ಬರೀ ನಲ್ಲಿ ಕೊಡುತ್ತೇನೆ ಅಂದಿಲ್ಲ. ತಲೆಗೆ ದಿನಕ್ಕೆ 55 ಲೀಟರ್ ಕುಡಿಯುವ ನೀರು ಅಂದಿದೆ. ನಲ್ಲಿ ಎಣಿಸುವುದು ಸುಲಭ. ಆಗಸ್ಟ್‌ನಲ್ಲಿ ಬಂದು ಫೋಟೋ ಹೊಡೆದರೆ ಮುಗೀತು. ಆಗ ನಮ್ಮಲ್ಲಿ ಗುಡ್ಡದ ಬರೆಯಿಂದಲೇ ನೀರು ಸುರಿಯುತ್ತಿರುತ್ತದೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ತೋಟಗಳಲ್ಲಿ ಸ್ಪ್ರಿಂಕ್ಲರ್ ಶುರು, ಕೆರೆ ಹೊಳೆ ಇಳಿಯುತ್ತದೆ. ಅಳೆಯಬೇಕಾದ್ದು ಆಗ. ಐದು ಜನರ ಮನೆಗೆ 275 ಲೀಟರ್, ಹದಿನೈದು ಲೀಟರಿನ ಕೊಡದಲ್ಲಿ ಸುಮಾರು ಹದಿನೆಂಟು ಕೊಡ. ನಿಮ್ಮಲ್ಲಿ ದಿನಕ್ಕೆ ಎಷ್ಟು ಕೊಡ ತುಂಬಿತು ಅಂತ ಮಾರ್ಚ್ ಇಡೀ ಕ್ಯಾಲೆಂಡರ್ ಮೇಲೆ ಗೀಚಿಡಿ.

ಇನ್ನೊಂದು. ಊರಿನ ಎಲ್ಲ ಮನೆಗೂ ನಲ್ಲಿ ಆಯಿತು ಅಂತ ಇಲಾಖೆ ಬರೆದುಕೊಳ್ಳುವುದು ಬೇರೆ, ಗ್ರಾಮಸಭೆ ಠರಾವು ಮಾಡಿ ಹೌದು ಅನ್ನುವುದು ಬೇರೆ. ನಿಮ್ಮೂರದು ಯಾವುದು? ಪಂಚಾಯಿತಿಯಲ್ಲಿ ಠರಾವಿನ ನಕಲು ಕೇಳಿ. ಇವತ್ತು ನಾಳೆ ಅಂದರೆ ಹತ್ತು ರೂಪಾಯಿಯ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಠರಾವೇ ಆಗಿಲ್ಲ ಅಂತ ಬಂದರೆ ಮುಂದಿನ ಗ್ರಾಮಸಭೆಗೆ ಮಳೆ, ಕಾಫಿ ಕೊಯ್ಲು ಅಂತ ತಪ್ಪಿಸಿಕೊಳ್ಳಬೇಡಿ.

ಶಾಸಕರ ಹತ್ತಿರ ಹೋದಾಗ ಸುಮ್ನೆ “ನೀರಿಲ್ಲ” ಅಂದರೆ ಆಗದು. ಸದನದಲ್ಲಿ ಪ್ರಶ್ನೆ ಕೇಳಲು ಅವರ ಕೈಯಲ್ಲೂ ಕಾಗದ ಬೇಕಲ್ವಾ. ಸಚಿವರು ಎದ್ದು “ಸರಿಪಡಿಸುತ್ತೇವೆ” ಅಂದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಅದರ ಬೆನ್ನು ಹತ್ತಲು ಭರವಸೆಗಳ ಸಮಿತಿ ಅಂತಲೇ ಒಂದಿದೆ. ಜಗಲಿಯಲ್ಲಿ ಕೊಟ್ಟ ಮಾತಿಗೆ ಯಾವ ಸಮಿತಿಯೂ ಇಲ್ಲ.

ಕ್ಯಾಲೆಂಡರಿನ ಮಾರ್ಚ್ ಹಾಳೆ ತುಂಬಿದ ಮೇಲೆ ಫೋಟೋ ತೆಗೆದು ನಮಗೂ ಕಳಿಸಿ. ಏಪ್ರಿಲ್ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ